ಲಾಭದ ಜೊತೆಗೆ ಒಂದು ಉದ್ದೇಶವನ್ನೂ ಇಟ್ಟುಕೊಂಡು ವ್ಯಾಪಾರ ಮಾಡಿದರೆ ನಿಜಕ್ಕೂ ಏನು ಉಪಯೋಗ?

ಬೇರೆಯವರು ಗಿರಾಕಿಗಳೇ ಅಲ್ಲ ಎಂದು ಬಿಟ್ಟವರು ನಿಮಗೆ ಗಿರಾಕಿಗಳಾಗಿ ಕಾಣತೊಡಗುತ್ತಾರೆ. ನನ್ನ ಪ್ರಕಾರ ದೊಡ್ಡ ಉಪಯೋಗ ಇದೇ.

ನಮ್ಮ ಬೆಂಗಳೂರಿನ ಸೆಲ್ಕೋ ಕಂಪನಿಯನ್ನೇ ನೋಡಿ. ಹರೀಶ್ ಹಂದೆ ಮತ್ತು ಜೊತೆಗಾರರು 1995ರಲ್ಲಿ ಶುರು ಮಾಡಿದ್ದು. ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸುವುದು ಅದರ ಉದ್ದೇಶ. ಬರೀ ದೀಪ ಮಾರುವುದೇ ಗುರಿಯಾಗಿದ್ದರೆ ಕೈಯಲ್ಲಿ ದುಡ್ಡಿರುವವರಿಗೆ ಮಾರಿ ಸುಮ್ಮನಾಗಬಹುದಿತ್ತು. ಆದರೆ ಉದ್ದೇಶ ಅದಲ್ಲವಲ್ಲ, ಬಡವರು ಯಾಕೆ ಕೊಳ್ಳುತ್ತಿಲ್ಲ ಎಂದು ಕೇಳಲೇಬೇಕಾಯಿತು. ನೋಡಿದರೆ, ತೊಡಕು ಬೆಲೆಗಿಂತ ಜಾಸ್ತಿ ಕಂತಿನಲ್ಲಿತ್ತು. ತಳ್ಳುಗಾಡಿಯವರಿಗೆ ತಿಂಗಳ ಕೊನೆಗೆ 300 ರೂಪಾಯಿ ಒಟ್ಟಿಗೆ ಹೊಂದಿಸುವುದು ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಸಲೀಸು. ಲೆಕ್ಕ ಒಂದೇ ಅಲ್ವಾ? ಆದರೆ ಅವರ ಸಂಪಾದನೆ ದಿನದ್ದು. ಹಾಗಾಗಿ ಕಂಪನಿ ಬ್ಯಾಂಕುಗಳ ಜೊತೆ ಕೂತು, ಗಿರಾಕಿಯ ದುಡಿಮೆಗೆ ಹೊಂದುವ ಸಾಲ ಕೊಡಿಸತೊಡಗಿತು.

ಉದ್ದೇಶವನ್ನು ಸುಮ್ನೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ಇದೆಲ್ಲ ಆಗುವುದಿಲ್ಲ. ಅಂಥ ಗೋಡೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ ಬಿಡಿ. ಹಾಗೆಯೇ ಇದು ದಾನವೂ ಅಲ್ಲ. ದೀಪಕ್ಕೆ ದುಡ್ಡು ತೆಗೆದುಕೊಳ್ಳದಿದ್ದರೆ, ನಾಳೆ ಅದು ಕೆಟ್ಟಾಗ ರಿಪೇರಿಗೆ ಬರುವವರಿಗೆ ಸಂಬಳ ಎಲ್ಲಿಂದ ಬರಬೇಕು?