ಕರೆ ಬಂದ ಮೇಲಿನ ವರ್ಷಗಳನ್ನು ಬರೆಯಿರಿ

ಪ್ರಿಯ ಸಹೋದರಿಯವರೇ,

ಕ್ರಿಸ್ತನಲ್ಲಿ ವಂದನೆಗಳು. ದೇವರ ಕರೆಯನ್ನು ಕುರಿತು ನೀವು ನಮ್ಮ ಪತ್ರಿಕೆಗೆ ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಉಪವಾಸ ಕೂಟದಲ್ಲಿ ನಿಮಗಾದ ಅನುಭವ, ಕಣ್ಣೀರು, ಆ ರಾತ್ರಿಯ ನಿಶ್ಚಯ ಇವೇ ಲೇಖನದ ಮುಕ್ಕಾಲು ಪಾಲನ್ನು ತುಂಬಿವೆ. ಅಂದಿನಿಂದ ನರ್ಸ್ ಆಗಿ ದುಡಿದ ವರ್ಷಗಳಿಗೆ ಸಿಕ್ಕಿರುವುದು, ‘ಸದ್ಯಕ್ಕೆ ಹೊಟ್ಟೆಪಾಡಿಗಾಗಿ ಕೆಲಸ ಮಾಡುತ್ತಾ ಸಭೆಯ ಪೂರ್ಣಾವಧಿ ಸೇವೆಗೆ ಕಾಯುತ್ತಿದ್ದೇನೆ’ ಎಂಬ ಒಂದು ವಾಕ್ಯ ಮಾತ್ರ. ನನ್ನ ತಕರಾರು ಇರುವುದು ಈ ವಾಕ್ಯದ ಬಗ್ಗೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ದೇವರಾತ್ಮಭರಿತನೆಂದು ಹೆಸರು ಹೇಳಿ ಕರೆಯಲ್ಪಟ್ಟ ಬೆಚಲೇಲನು ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ಚಿನ್ನ ಬೆಳ್ಳಿಗಳ ಕೆಲಸ, ರತ್ನ ಕೆತ್ತುವುದು, ಮರಗೆಲಸ ಇವುಗಳಿಗೆ ಬೇಕಾದ ಜಾಣ್ಮೆಯನ್ನೇ ದೇವರು ಅವನಿಗೆ ಕೊಟ್ಟನೆಂದು ವಿಮೋಚನಕಾಂಡದ 31ನೆಯ ಅಧ್ಯಾಯ ಹೇಳುತ್ತದೆ. ಕೊರಿಂಥದಲ್ಲಿ ಅಪೊಸ್ತಲನಾದ ಪೌಲನು ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು ಗುಡಾರ ಮಾಡುವ ಕಸಬನ್ನು ನಡೆಸಿದನು. ಇವರನ್ನೆಲ್ಲ ಬಲ್ಲ ನೀವು ರೋಗಿಗಳ ಆರೈಕೆಯನ್ನು ಕಾಯುವ ಕಾಲವೆಂದು ಬರೆಯುವುದು ನನಗೆ ನೋವು ತಂದಿತು.

ಪೂರ್ಣಾವಧಿ ಸೇವೆಗೆ ನಿಮಗೆ ಕರೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ಬಾಲಕ ಸಮುವೇಲನೂ ಕರೆದವರು ಯಾರೆಂದು ತಿಳಿಯದೆ ಮೂರು ಸಲ ಯಾಜಕನಾದ ಏಲಿಯ ಬಳಿಗೆ ಓಡಿದನು. ಆ ಧ್ವನಿ ಯಾರದೆಂದು ಅರಿಯಲು ಅವನಿಗೆ ಕಣ್ಣು ಮೊಬ್ಬಾದ ಮುದುಕನೊಬ್ಬನ ನೆರವು ಬೇಕಾಯಿತು. ನಿಮ್ಮ ಲೇಖನದಲ್ಲಿ ಏಲಿಯೇ ಇಲ್ಲ. ಸಭಾಪಾಲಕರು ಏನೆಂದರು, ಸಭೆಯ ಹಿರಿಯರು ನಿಮ್ಮಲ್ಲಿ ಯಾವ ಆತ್ಮಿಕ ವರವನ್ನು ಕಂಡರು, ಯಾರಾದರೂ ‘ಸ್ವಲ್ಪ ತಾಳು’ ಎಂದರೇ ಎಂಬುದು ಓದುಗನಿಗೆ ತಿಳಿಯುವುದಿಲ್ಲ.

ಜರ್ಮನಿಯಿಂದ ಬಂದು ಕನ್ನಡ ನಿಘಂಟು ರಚಿಸಿದ ಫರ್ಡಿನೆಂಡ್ ಕಿಟೆಲರನ್ನು ‘ಎಲ್ಲವನ್ನೂ ಬಿಟ್ಟು ಬಂದವರು’ ಎಂದು ಹೊಗಳಿ ಮುಂದೆ ಹೋಗಿದ್ದೀರಿ. ಅವರು ಬಿಟ್ಟು ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಅವರನ್ನು ಕಳುಹಿಸಿದ್ದು ಸುವಾರ್ತೆ ಸಾರುವುದಕ್ಕೆ. ನಿಜವಾದ ಕಥೆ ಇರುವುದು ಆಮೇಲೆ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಪದ್ಯದಲ್ಲಿ ಹೇಳುವ ‘ಕಥಾಮಾಲೆ’, 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣದ ಸಂಪಾದನೆ, 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರದ ಸಂಪಾದನೆ. ಊರಿಗೆ ಮರಳಿದ್ದವರು ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದರು, ಪದಗಳ ಜೊತೆಗೆ ಗಾದೆಗಳನ್ನೂ ಕಾವ್ಯದ ಪ್ರಯೋಗಗಳನ್ನೂ ಕಲೆಹಾಕುತ್ತಾ ಹೋದರು, ಮತ್ತು ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹಡಗು ಹತ್ತಿದ ದಿನ ಆ ಯುವಕನಿಗೆ ಇದರಲ್ಲಿ ಯಾವುದು ಗೊತ್ತಿದ್ದೀತು? ಕರೆ ಏನೆಂಬುದು ಅವರಿಗೆ ಕೆಲಸ ಮಾಡುತ್ತಲೇ ತಿಳಿಯುತ್ತಾ ಬಂತೆಂದು ನಾನು ನಂಬುತ್ತೇನೆ. ಕಿಟೆಲರನ್ನು ಉಳಿಸಿಕೊಳ್ಳುವುದಾದರೆ ಆ ನಲವತ್ತೊಂದು ವರ್ಷಗಳಿಗಾಗಿ ಉಳಿಸಿಕೊಳ್ಳಿ.

ನಿಮ್ಮ ಕೊನೆಯ ಪುಟದಲ್ಲಿ, ನೋವಿನಿಂದ ಎಲ್ಲರ ಮೇಲೂ ರೇಗುತ್ತಿದ್ದ ಅಜ್ಜಿಯೊಬ್ಬರು ನೀವು ಬೆನ್ನಿನ ಹುಣ್ಣು ತೊಳೆಯುವಾಗ ಮಾತ್ರ ಸುಮ್ಮನಿರುತ್ತಿದ್ದರೆಂದೂ, ನೀರನ್ನು ಮೊದಲು ನಿಮ್ಮ ಮುಂಗೈ ಮೇಲೆ ಹಾಕಿ ಬಿಸಿ ನೋಡುತ್ತಿದ್ದಿರೆಂದೂ ಬರೆದಿದ್ದೀರಿ. ಇಡೀ ಲೇಖನದಲ್ಲಿ ಇದಕ್ಕಿಂತ ಸಾಚಾ ಮಾತಿಲ್ಲ. ಇದರ ಬೆನ್ನಿಗೇ ಒಂದರ ಮೇಲೊಂದು ಸತ್ಯವೇದದ ಏಳು ವಚನಗಳನ್ನು ಉದ್ಧರಿಸಿ ಅಜ್ಜಿಯನ್ನು ಮರೆಮಾಡಿದ್ದೀರಿ. ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಬೇಸರದಿಂದ ಕೆಲಸಕ್ಕೆ ಹೋದ ದಿನಗಳನ್ನೂ, ಪ್ರಾರ್ಥಿಸಲು ಮನಸ್ಸಾಗದ ರಾತ್ರಿಪಾಳಿಗಳನ್ನೂ ಸೇರಿಸಿ. ಕೂಟದ ರಾತ್ರಿಗೆ ಒಂದು ಪ್ಯಾರಾ ಸಾಕು.

ಅಜ್ಜಿಯ ಊರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿ, ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿರಿ. ನಾನೇ ಓದುತ್ತೇನೆ.

ನಿಮ್ಮ ಸಹೋದರ,
ಸಂಪಾದಕ