ಡಿಸ್ಟೋಪಿಯನ್ (ಕರಾಳ ಸಮಾಜವೊಂದನ್ನು ಕಲ್ಪಿಸುವ) ಕಾದಂಬರಿಗಳಲ್ಲಿ ಅಧಿಕಾರಸ್ಥರು ಇತಿಹಾಸವನ್ನೇ ತಿದ್ದುವುದೇಕೆ?

ಇಂದಿನ ಸ್ಥಿತಿಯನ್ನು ಹೋಲಿಸಿ ನೋಡಲು ಜನರ ಕೈಯಲ್ಲಿ ಏನೂ ಉಳಿಯಬಾರದು, ಅದಕ್ಕೆ.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ಲರ ‘1984’ ಕಾದಂಬರಿಯಲ್ಲಿ ಚಾಕೊಲೇಟ್ ಪಡಿತರವನ್ನು 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ. ಮಾರನೆಯ ದಿನವೇ, ಪಡಿತರವನ್ನು 20 ಗ್ರಾಂಗೆ ‘ಏರಿಸಿದ್ದಕ್ಕೆ’ ಜನ ಮೆರವಣಿಗೆ ಮಾಡಿ ಕೃತಜ್ಞತೆ ಸಲ್ಲಿಸಿದರು ಎಂಬ ಸುದ್ದಿ! ಈ ವರ್ಷ ಪಡಿತರ ಇಳಿಸುವುದಿಲ್ಲ ಎಂದು ಸರ್ಕಾರ ಮೊದಲೇ ಮಾತು ಕೊಟ್ಟಿತ್ತು. ಹಳೆಯ ಪತ್ರಿಕೆಯಲ್ಲಿದ್ದ ಆ ಮಾತನ್ನು ‘ಏಪ್ರಿಲ್‌ನಲ್ಲಿ ಇಳಿಸಬೇಕಾಗಬಹುದು’ ಎಂಬ ಎಚ್ಚರಿಕೆಯಾಗಿ ತಿದ್ದುವುದೇ ಸರ್ಕಾರಿ ಇಲಾಖೆಯೊಂದರಲ್ಲಿರುವ ಕಥಾನಾಯಕ ವಿನ್‌ಸ್ಟನ್‌ನ ನೌಕರಿ. ತಿದ್ದಿದ ಸಂಚಿಕೆ ಕಡತ ಸೇರುತ್ತದೆ, ಮೂಲಪ್ರತಿ ಬೆಂಕಿಗೆ. ಸುಳ್ಳು ಹೇಳಿದ್ದಕ್ಕೆ ಪುರಾವೆಯೇ ಇಲ್ಲವಾದ ಮೇಲೆ ಸರ್ಕಾರ ಎಂದೂ ತಪ್ಪಿದ್ದೇ ಇಲ್ಲ. ನನಗೆ ಭಯ ಹುಟ್ಟಿಸುವುದು ಆ ಕಥೆಯ ಚಿತ್ರಹಿಂಸೆಗಿಂತ ಈ ಗುಮಾಸ್ತಗಿರಿ. ವಿನ್‌ಸ್ಟನ್‌ಗೆ ಆ ಕೆಲಸ ಇಷ್ಟ ಬೇರೆ.

ಪ್ರಾಣಿಗಳೇ ತೋಟವೊಂದನ್ನು ಆಳುವ, ಆರ್ವೆಲ್ಲರದೇ ‘ಅನಿಮಲ್ ಫಾರ್ಮ್’ನಲ್ಲಿ (1945) ಇಷ್ಟು ದೊಡ್ಡ ಇಲಾಖೆಯೂ ಬೇಕಿಲ್ಲ. ಯಾವ ಪ್ರಾಣಿಯೂ ಇನ್ನೊಂದನ್ನು ಕೊಲ್ಲಬಾರದು ಎಂಬ ಗೋಡೆಬರಹಕ್ಕೆ ‘ಕಾರಣವಿಲ್ಲದೆ’ ಎಂಬ ಪದ ಸೇರಿಕೊಳ್ಳುತ್ತದೆ, ಅಷ್ಟೇ. ಹೆಚ್ಚಿನ ಪ್ರಾಣಿಗಳಿಗೆ ಸರಿಯಾಗಿ ಓದಲು ಬಾರದು. ಏನೋ ಬೇರೆ ಇತ್ತಲ್ಲ ಎಂದು ಅನುಮಾನ ಬಂದವರೂ ತಮ್ಮ ನೆನಪೇ ತಪ್ಪಿರಬೇಕು ಎಂದುಕೊಳ್ಳುತ್ತಾರೆ.