ಓದುಗರ ಪ್ರಶ್ನೋತ್ತರ: ಪೆಟ್ಟಿಗೆ ಕೆಟ್ಟರೂ ಡಿಸ್ಕ್ ಕೆಟ್ಟಿರಬೇಕೆಂದಿಲ್ಲ

ಮನೆಯ ಫೋಟೊ, ವಿಡಿಯೊ, ಹಾಡುಗಳನ್ನೆಲ್ಲ ಒಂದೇ ಕಡೆ ಇಟ್ಟು ಟಿವಿಗೂ ಮೊಬೈಲಿಗೂ ಒದಗಿಸುವ ‘ನ್ಯಾಸ್’ ಪೆಟ್ಟಿಗೆಗಳ ಕುರಿತು ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಬಹುತೇಕ ಪತ್ರಗಳಲ್ಲಿ ದೂರು ಇರುವುದು ಡಿಸ್ಕ್‌ನ ಮೇಲೆ ಅಥವಾ ಸರ್ವರ್‌ನ, ಅಂದರೆ ಆ ಪೆಟ್ಟಿಗೆಯ, ಮೇಲೆ. ತಪ್ಪು ಇರುವುದು ಮಾತ್ರ ಹೆಚ್ಚಾಗಿ ಬೇರೆಲ್ಲೋ.

ಪ್ರಶ್ನೆ: ಎರಡು ಹಾರ್ಡ್ ಡಿಸ್ಕ್‌ಗಳಿರುವ ನನ್ನ ನ್ಯಾಸ್ ಪೆಟ್ಟಿಗೆಯಲ್ಲಿ ಹದಿನೈದು ವರ್ಷಗಳ ಕುಟುಂಬದ ಫೋಟೊಗಳೂ ಮಗಳ ಮದುವೆಯ ವಿಡಿಯೊವೂ ಇವೆ. ಒಂದು ಡಿಸ್ಕ್ ಮತ್ತೊಂದರ ಪ್ರತಿಯಾಗಿರುವಂತೆ ಹೊಂದಿಸಿಕೊಂಡಿದ್ದೆ. ಮಳೆಗಾಲದ ಒಂದು ರಾತ್ರಿ ಕರೆಂಟು ಮೂರು ನಾಲ್ಕು ಸಲ ಹೋಗಿ ಬಂತು. ಆಗಿನಿಂದ ಪೆಟ್ಟಿಗೆಯ ದೀಪ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಒಂದು ಡಿಸ್ಕ್ ತೆಗೆದು ವಿಂಡೋಸ್ ಲ್ಯಾಪ್‌ಟಾಪಿಗೆ ಜೋಡಿಸಿದರೆ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ಎಲ್ಲವೂ ಹೋಯಿತೇ?
(ನಿವೃತ್ತ ಅಧ್ಯಾಪಕರು, ಶಿವಮೊಗ್ಗ)

ಉತ್ತರ: ನೀವು ‘ಬೇಡ’ ಎಂದು ಒತ್ತಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಆ ಪ್ರಶ್ನೆಯಿಂದ ಡಿಸ್ಕ್ ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಇಂಥ ಪೆಟ್ಟಿಗೆಗಳ ಒಳಗೆ ಓಡುವುದು ಸಾಮಾನ್ಯವಾಗಿ ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ. ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮವೂ ಎಕ್ಸ್ಟ್4 ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಲಿನಕ್ಸ್‌ನ ಕ್ರಮವೇ. ವಿಂಡೋಸ್‌ಗೆ ಈ ಬರಹ ಓದಲು ಬಾರದು. ತನಗೆ ಓದಲು ಬಾರದ್ದನ್ನೆಲ್ಲ ಅದು ಖಾಲಿ ಹಾಳೆ ಎಂದು ತಿಳಿದು ಅಳಿಸಲು ಅಪ್ಪಣೆ ಕೇಳುತ್ತದೆ, ಅಷ್ಟೆ.

ನಿಮ್ಮ ವಿವರಣೆಯನ್ನು ಓದಿದಾಗ ನನಗೆ ಮೊದಲು ಅನುಮಾನ ಬರುವುದು ಗೋಡೆಯ ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಇರುವ ಕಪ್ಪು ಅಡಾಪ್ಟರ್‌ನ ಮೇಲೆ. ದೊಡ್ಡ ಅಳತೆಯ, ಅಂದರೆ ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟ್‌ನ ತಂತಿಯಿಂದ ಸುಮಾರು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ ಅದರ ಇಮ್ಮಡಿ. ಒಳಗಿನ ಕೆಪಾಸಿಟರ್ ಸೊರಗಿದ ಅಡಾಪ್ಟರ್ ಈ ಹೊರೆಯನ್ನು ತಾಳಲಾರದೆ ಕುಸಿಯುತ್ತದೆ, ಪೆಟ್ಟಿಗೆ ಆರುತ್ತದೆ, ಹೊರೆ ಇಳಿದೊಡನೆ ಮತ್ತೆ ಹೊತ್ತುತ್ತದೆ. ಮಲ್ಟಿಮೀಟರ್‌ನಲ್ಲಿ ಬರಿದೇ ಅಳೆದರೆ ಸರಿಯಾಗಿ 12 ವೋಲ್ಟ್ ತೋರಿಸಿ ಮೋಸ ಮಾಡುವುದೂ ಇದರ ಗುಣ. ಆದ್ದರಿಂದ ಎರಡೂ ಡಿಸ್ಕ್‌ಗಳ ಮೇಲೆ ಪೆನ್ಸಿಲ್‌ನಿಂದ 1, 2 ಎಂದು ಗುರುತು ಹಾಕಿ ಹೊರಗೆ ತೆಗೆದು, ಖಾಲಿ ಪೆಟ್ಟಿಗೆಯನ್ನು ಹೊತ್ತಿಸಿ ನೋಡಿ. ದೀಪ ಸ್ಥಿರವಾಗಿ ನಿಂತರೆ ಅಡಾಪ್ಟರ್ ಬದಲಿಸಿ. ವೋಲ್ಟ್ ಮೊದಲಿನಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಪಿನ್ ಮತ್ತು ಅದರ ಧನ-ಋಣ ಹೊಂದಬೇಕು.

ಅಡಾಪ್ಟರ್ ಬದಲಿಸಿದರೂ ಏಳದಿದ್ದರೆ ಪೆಟ್ಟಿಗೆಯ ಬೋರ್ಡು ಹೋಗಿರಬಹುದು. ಆಗಲೂ ಎರಡು ದಾರಿಗಳಿವೆ. ಅದೇ ತಯಾರಕರ ಹೊಂದುವ ಮಾದರಿಯ ಮತ್ತೊಂದು ಪೆಟ್ಟಿಗೆ ಸಿಕ್ಕರೆ ಡಿಸ್ಕ್‌ಗಳನ್ನು ಅದೇ ಕ್ರಮದಲ್ಲಿ ಹಾಕಿದಾಗ ಅದು ಹಳೆಯ ಸಂಗ್ರಹವನ್ನು ಸಾಮಾನ್ಯವಾಗಿ ಗುರುತಿಸುತ್ತದೆ. ಆದರೆ ಹೊಸದಾಗಿ ಸ್ಥಾಪಿಸುವಂತೆ ಕೇಳಿ ಡೇಟಾ ಅಳಿಸುವ ಎಚ್ಚರಿಕೆ ತೋರಿಸಿದರೆ ಅಲ್ಲಿಯೇ ನಿಲ್ಲಿಸಿ. ಇನ್ನೊಂದು ದಾರಿ ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಲಿನಕ್ಸ್ ಹೊತ್ತಿಸಿ, ಅದರಲ್ಲಿ ಇಂಥ ಡಿಸ್ಕ್ ಜೋಡಣೆಯನ್ನು ಗುರುತಿಸುವ ಎಂಡಿಎಡಿಎಂ ಮತ್ತು ಎಲ್‌ವಿಎಂ ಸಲಕರಣೆಗಳನ್ನು ಹಾಕಿಕೊಂಡು, ಡಿಸ್ಕ್ ಅನ್ನು ‘ಓದಲು ಮಾತ್ರ’ ಎಂಬ ನಿಬಂಧನೆಯಲ್ಲಿ ತೆರೆಯುವುದು. ಪ್ರತಿಬಿಂಬದ ಜೋಡಣೆಯಲ್ಲಿ, ಅಂದರೆ ರೇಡ್ 1ರಲ್ಲಿ, ಒಂದೇ ಡಿಸ್ಕ್‌ನಲ್ಲಿ ಎಲ್ಲವೂ ಪೂರ್ಣವಾಗಿ ಇರುವುದರಿಂದ ಒಂದನ್ನು ಮಾತ್ರ ಜೋಡಿಸಿ, ಇನ್ನೊಂದನ್ನು ಕಪಾಟಿನಲ್ಲಿ ಭದ್ರವಾಗಿಡಿ. ಕೆಲವು ತಯಾರಕರು ಈ ವ್ಯವಸ್ಥೆಗೆ ತಮ್ಮದೇ ಮಾರ್ಪಾಡು ಮಾಡಿರುತ್ತಾರೆ. ಅಂಥದ್ದನ್ನು ಸಾಮಾನ್ಯ ಉಬುಂಟು ತೆರೆಯದಿದ್ದರೆ ಗಾಬರಿ ಬೇಡ, ಮೊದಲ ದಾರಿಗೆ ಮರಳಿ.

ಫೋಟೊಗಳು ಕೈಗೆ ಸಿಕ್ಕೊಡನೆ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಸಾಧ್ಯವಾದರೆ ಅದನ್ನು ಮಗಳ ಮನೆಯಲ್ಲಿಡಿ. ಪ್ರತಿಬಿಂಬವನ್ನು ಬ್ಯಾಕಪ್ ಎಂದು ತಿಳಿಯುವುದು ಬಹಳ ಮನೆಗಳಲ್ಲಿರುವ ಭ್ರಮೆ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ಸಿಡಿಲಿಗೂ ಕಳ್ಳನಿಗೂ ಅವು ಎರಡಲ್ಲ, ಒಂದೇ ಪೆಟ್ಟಿಗೆ.

ಇನ್ನು ಕರೆಂಟಿನ ಮಾತು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಗುಂಡಿ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆಗೆ ತಗಲುವ ಹೊತ್ತು ಫ್ಯಾನಿಗೆ ಗೊತ್ತಾಗುವುದಿಲ್ಲ, ಸರ್ವರ್‌ಗೆ ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯದು ಯುಎಸ್‌ಬಿ ತಂತಿಯಿರುವ ಚಿಕ್ಕ ಯುಪಿಎಸ್. ಆ ತಂತಿಯನ್ನು ಪೆಟ್ಟಿಗೆಗೆ ಜೋಡಿಸಿ ಸೆಟ್ಟಿಂಗ್‌ನಲ್ಲಿ ಒಪ್ಪಿಗೆ ಕೊಟ್ಟರೆ, ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಯುಪಿಎಸ್ ಕೊಂಡ ಬಹಳ ಜನ ಈ ತಂತಿಯನ್ನು ಡಬ್ಬದಿಂದ ಹೊರಗೇ ತೆಗೆದಿರುವುದಿಲ್ಲ.

ಪ್ರಶ್ನೆ: 4 ಟಿಬಿ ಡಿಸ್ಕ್ ಕೊಂಡರೆ 3.63 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೇ?
(ಓದುಗರು, ಗದಗ)

ಉತ್ತರ: ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸಿಯೂ ಟಿಬಿ ಎಂದೇ ಬರೆಯುತ್ತದೆ.

ಪ್ರಶ್ನೆ: ಹೊಸ ಸರ್ವರ್‌ಗೆ ವಿಡಿಯೊಗಳನ್ನು ನಕಲು ಮಾಡುವಾಗ ವೇಗ ಸೆಕೆಂಡಿಗೆ 11 ಎಂಬಿ ದಾಟುವುದೇ ಇಲ್ಲ. ರೌಟರ್, ಸರ್ವರ್ ಎರಡೂ ಗಿಗಾಬಿಟ್‌ನವು. ಡಿಸ್ಕ್ ನಿಧಾನವೇ? ಬದಲಿಸಬೇಕೇ?
(ಸಾಫ್ಟ್‌ವೇರ್ ಉದ್ಯೋಗಿ, ವಿಜಯನಗರ, ಬೆಂಗಳೂರು)

ಉತ್ತರ: ನೀವು ಕೊಟ್ಟ 11 ಎಂಬ ಅಂಕಿಯೇ ಉತ್ತರವನ್ನೂ ಹೇಳುತ್ತಿದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಸಂಪರ್ಕವನ್ನು ಎಂಟರಿಂದ ಭಾಗಿಸಿದರೆ 12.5 ಎಂಬಿ; ನಡುವಿನ ಖರ್ಚು ಕಳೆದರೆ 11 ಚಿಲ್ಲರೆ. ಗಿಗಾಬಿಟ್ ಆಗಿದ್ದರೆ 110ರ ಆಸುಪಾಸು ಬರಬೇಕಿತ್ತು. ಹಾರ್ಡ್ ಡಿಸ್ಕ್ ಕೆಟ್ಟು ನಿಧಾನವಾದಾಗ ವೇಗ ಏರಿಳಿಯುತ್ತದೆ, ಹೀಗೆ ಗೆರೆ ಎಳೆದಂತೆ ಒಂದೇ ಕಡೆ ನಿಲ್ಲುವುದಿಲ್ಲ.

ನೆಟ್‌ವರ್ಕ್ ಕೇಬಲ್ಲಿನ ಒಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಒಂದು ಎಳೆ ತುಂಡಾಗಿದ್ದರೆ ಅಥವಾ ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕಚ್ಚದಿದ್ದರೆ ಎರಡೂ ಕಡೆಯ ಯಂತ್ರಗಳು ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುತ್ತವೆ, ಮತ್ತು ಅದನ್ನು ನಿಮಗೆ ಹೇಳುವ ಸೌಜನ್ಯ ತೋರುವುದಿಲ್ಲ. ಮನೆ ಕಟ್ಟುವಾಗ ಗೋಡೆಯೊಳಗೆ ಎಳೆದ ಕೇಬಲ್ಲಾದರೆ ಮೊದಲು ತುದಿಯ ಸಾಕೆಟ್ಟನ್ನು ಬಿಚ್ಚಿ ನೋಡಿ. ಎಂಟರಲ್ಲಿ ನಾಲ್ಕೇ ಎಳೆ ಜೋಡಿಸಿ ಹೋಗಿರುವ ಕೆಲಸಗಾರರನ್ನು ನಾನೂ ಕಂಡಿದ್ದೇನೆ. ಹೊಸ ಕೇಬಲ್ಲೊಂದನ್ನು ಹೊರಗಿನಿಂದ ನೇರ ಹಾಸಿ ಪರೀಕ್ಷಿಸಿದರೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಪೆಟ್ಟಿಗೆಯೊಳಗಿನ ಡಿಸ್ಕ್ ಕೇಬಲ್ಲಿಗೂ ಇದೇ ನ್ಯಾಯ. ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್ ಪಟ್ಟಿಯಲ್ಲಿ 199ನೆಯ ಸಾಲು ಮಾತ್ರ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ತಂತಿಯದು. 5 ಮತ್ತು 197ನೆಯ ಸಾಲುಗಳು ಏರತೊಡಗಿದರೆ ಮಾತ್ರ ಡಿಸ್ಕ್ ಬದಲಿಸಲು ಹಣ ಹೊಂದಿಸಿಕೊಳ್ಳಿ.

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಸಂಗ್ರಹಿಸಿದ ಯಕ್ಷಗಾನ, ತಾಳಮದ್ದಳೆಗಳ ಧ್ವನಿಮುದ್ರಣ ಮತ್ತು ವಿಡಿಯೊಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ: ಪ್ರಸಂಗ, ಭಾಗವತರು, ಊರು, ದಿನಾಂಕ ಎಲ್ಲ ಸೇರಿಸಿ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಕೆಲವು ಕಡತಗಳು ಸರ್ವರ್‌ಗೆ ನಕಲಾಗುವಾಗ ‘ಹೆಸರು ಉದ್ದವಾಯಿತು’ ಎಂದು ನಿಲ್ಲುತ್ತವೆ. ನಕಲಾದವುಗಳಿಗೆ, ಸರ್ವರ್‌ನಲ್ಲಿರುವ ವಿಡಿಯೊ, ಹಾಡುಗಳನ್ನು ಟಿವಿಗೂ ಮೊಬೈಲಿಗೂ ಒದಗಿಸುವ ಜೆಲ್ಲಿಫಿನ್ ತಂತ್ರಾಂಶ ಯಾವುದೋ ಸಿನಿಮಾಗಳ ಚಿತ್ರ ಅಂಟಿಸುತ್ತದೆ. ಕೆಲವು ಹೆಸರುಗಳು ಎರಡೆರಡು ಸಲ ಕಾಣುತ್ತವೆ.
(ಹವ್ಯಾಸಿ ಸಂಗ್ರಾಹಕರು, ಉಡುಪಿ)

ಉತ್ತರ: ಮೂರು ತೊಂದರೆಗಳಿಗೂ ಮೂರು ಬೇರೆ ಕಾರಣಗಳಿವೆ, ಅವುಗಳಲ್ಲಿ ಎರಡು ನಮ್ಮ ಲಿಪಿಗೆ ಸಂಬಂಧಿಸಿದವು.

ವಿಂಡೋಸ್ ಹೆಸರಿನ ಉದ್ದವನ್ನು ಸಂಕೇತಗಳಲ್ಲಿ ಎಣಿಸಿ 255ರವರೆಗೆ ಬಿಡುತ್ತದೆ. ಲಿನಕ್ಸ್ ಸರ್ವರ್ ಕೂಡ 255 ಎಂದೇ ಹೇಳುತ್ತದೆ, ಆದರೆ ಅದು ಎಣಿಸುವುದು ಬೈಟ್‌ಗಳಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ಸ್ವರಚಿಹ್ನೆಗೂ, ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಚಿಹ್ನೆಗೂ ಬೇರೆಬೇರೆಯಾಗಿ ಮೂರು ಮೂರು. ‘ಯಕ್ಷಗಾನ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಸರ್ವರ್‌ಗೆ ಏಳು ಸಂಕೇತ, 21 ಬೈಟ್. ಎರಡೇ ಅಕ್ಷರದ ‘ಲಕ್ಷ್ಮೀ’ ಕೂಡ 21 ಬೈಟ್ ತಿನ್ನುತ್ತದೆ. ಆದ್ದರಿಂದ ನಿಮಗೆ ನಿಜವಾಗಿ ಸಿಗುವುದು ಸುಮಾರು 85 ಸಂಕೇತಗಳು. ಸಿನಾಲಜಿ ಪೆಟ್ಟಿಗೆಗಳಲ್ಲಿ ಗೂಢಲಿಪೀಕರಿಸಿದ ಹಂಚಿಕೆಯ ಫೋಲ್ಡರ್ ಬಳಸಿದರೆ ಈ ಮಿತಿ 143 ಬೈಟ್‌ಗೆ ಇಳಿಯುತ್ತದೆ, ಕನ್ನಡದಲ್ಲಿ 47 ಸಂಕೇತ. ಊರು, ಮೇಳ, ಭಾಗವತರ ಹೆಸರುಗಳನ್ನು ಕಡತದ ಹೆಸರಿಗೆ ತುರುಕದೆ ಫೋಲ್ಡರ್‌ಗಳಿಗೆ ಹಂಚಿ. ಮಿತಿ ಪ್ರತಿ ಹೆಸರಿಗೆ ಬೇರೆಬೇರೆಯಾಗಿ ಅನ್ವಯಿಸುವುದರಿಂದ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಎರಡೆರಡು ಸಲ ಕಾಣುವ ಹೆಸರುಗಳ ವಿಷಯ ಇನ್ನೂ ಸ್ವಾರಸ್ಯಕರ. ಆ ಕಡತಗಳಲ್ಲಿ ಕೆಲವು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಬಂದಿರಬಹುದೇ ನೋಡಿ. ‘ದ್ರೋಣ’ ಎಂಬಲ್ಲಿನ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಅವು ಎರಡು ಬೇರೆ ಹೆಸರುಗಳು. ಸರ್ವರ್‌ನಲ್ಲಿ ಕಾನ್ವ್‌ಎಂವಿ ಎಂಬ ಉಪಕರಣವನ್ನು ಓಡಿಸಿ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ರೂಪಕ್ಕೆ, ತಂದುಕೊಳ್ಳಿ. ಅದು ಮೊದಲು ಏನು ಮಾಡಲಿದ್ದೇನೆ ಎಂದು ತೋರಿಸುತ್ತದೆ. ಪಟ್ಟಿಯನ್ನು ಓದಿಯೇ ಒಪ್ಪಿಗೆ ಕೊಡಿ.

ಜೆಲ್ಲಿಫಿನ್‌ನ ಚಿತ್ರಗಳಿಗೆ ಕಾರಣ ಸರಳ. ನೀವು ಆ ಸಂಗ್ರಹವನ್ನು ‘ಮೂವೀಸ್’ ಎಂದು ಸೇರಿಸಿದ್ದೀರಿ, ಆದ್ದರಿಂದ ಅದು ಪ್ರಸಂಗದ ಹೆಸರನ್ನು ಅಂತರಜಾಲದ ಸಿನಿಮಾ ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಪೌರಾಣಿಕ ಚಿತ್ರವನ್ನು ತಂದು ಅಂಟಿಸುತ್ತಿದೆ. ವಿಡಿಯೊಗಳನ್ನು ‘ಹೋಮ್ ವಿಡಿಯೋಸ್’ ಎಂಬ ಬಗೆಯಲ್ಲಿ ಮತ್ತೆ ಸೇರಿಸಿ, ಹೊರಗಿನಿಂದ ವಿವರ ತರುವ ಆಯ್ಕೆಗಳನ್ನು ಆಫ್ ಮಾಡಿಬಿಡಿ. ಧ್ವನಿಮುದ್ರಣಗಳನ್ನು ‘ಮ್ಯೂಸಿಕ್’ ಬಗೆಗೆ ಹಾಕಿ, ಭಾಗವತರ ಹೆಸರನ್ನು ಕಲಾವಿದರ ಜಾಗದಲ್ಲೂ ಪ್ರಸಂಗವನ್ನು ಆಲ್ಬಮ್‌ನ ಜಾಗದಲ್ಲೂ ಕಡತದ ಒಳಗೇ ನಮೂದಿಸಿದರೆ, ಒಬ್ಬ ಭಾಗವತರ ಎಲ್ಲ ಪದ್ಯಗಳೂ ಒಂದೆಡೆ ಬರುತ್ತವೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಪಟ್ಟಿ ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುವ 4ಕೆ ಸಿನಿಮಾ ಟಿವಿಯಲ್ಲಿ ತಡೆತಡೆದು ಬರುತ್ತದೆ. ಉಪಶೀರ್ಷಿಕೆ ಹಾಕಿದರೆ ನಿಂತೇ ಹೋಗುತ್ತದೆ. ಕನ್ನಡದ ಉಪಶೀರ್ಷಿಕೆಯಾದರೆ ಚೌಕಗಳು ಕಾಣುತ್ತವೆ.
(ಓದುಗರು, ಹುಬ್ಬಳ್ಳಿ)

ಉತ್ತರ: ಟಿವಿಗೆ ಅರ್ಥವಾಗದ ರೂಪದಲ್ಲಿ ಚಿತ್ರವೋ ಧ್ವನಿಯೋ ಇದ್ದರೆ ಸರ್ವರ್ ಅದನ್ನು ಓಡುತ್ತಿರುವಾಗಲೇ ಬೇರೆ ರೂಪಕ್ಕೆ ತಿರುಗಿಸಬೇಕಾಗುತ್ತದೆ. ಇದನ್ನು ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಬ್ಲೂ-ರೇಯಿಂದ ಬಂದ ಉಪಶೀರ್ಷಿಕೆಗಳು ಅಕ್ಷರಗಳಲ್ಲ, ಚಿತ್ರಗಳು. ಅವನ್ನು ದೃಶ್ಯದ ಮೇಲೆ ಅಚ್ಚು ಹಾಕಲು ಹೋದಾಗ ಚಿಕ್ಕ ಪ್ರೊಸೆಸರ್ ಸೋಲುತ್ತದೆ. ಅಕ್ಷರರೂಪದ ಎಸ್‌ಆರ್‌ಟಿ ಕಡತವನ್ನು ಬಳಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಇಂಟೆಲ್ ಪ್ರೊಸೆಸರ್ ಇದ್ದರೆ, ಈ ತಿರುಗಿಸುವ ಕೆಲಸಕ್ಕೆಂದೇ ಅದರೊಳಗಿರುವ ಕ್ವಿಕ್ ಸಿಂಕ್ ಅನ್ನು ಸೆಟ್ಟಿಂಗ್‌ನಲ್ಲಿ ಹೊತ್ತಿಸಿ. ಜೆಲ್ಲಿಫಿನ್‌ನಲ್ಲಿ ಇದು ಉಚಿತ, ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಪ್ಲೆಕ್ಸ್‌ನಲ್ಲಿ ಇದಕ್ಕೆ ಚಂದಾ ಬೇಕು. ಬಹುಪಾಲು ಟಿವಿಗಳ ನೆಟ್‌ವರ್ಕ್ ಕಿಂಡಿ 100 ಮೆಗಾಬಿಟ್‌ನದು ಎಂಬುದನ್ನೂ ಮರೆಯಬೇಡಿ: ಭಾರಿ 4ಕೆ ಕಡತಗಳಿಗೆ ಹತ್ತಿರದ 5 ಗಿಗಾಹರ್ಟ್ಸ್ ವೈಫೈ ಕೇಬಲ್ಲಿಗಿಂತ ಮೇಲಾಗಬಹುದು. ಚೌಕಗಳಿಗೆ ಕಾರಣ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿರುವುದು. ನೋಟೊ ಸಾನ್ಸ್ ಕನ್ನಡವನ್ನು ಸರ್ವರ್‌ನಲ್ಲಿ ಸ್ಥಾಪಿಸಿ, ಜೆಲ್ಲಿಫಿನ್‌ನ ಬದಲಿ ಫಾಂಟ್‌ಗಳ ಫೋಲ್ಡರ್‌ನಲ್ಲೂ ಇಡಿ.

ಪ್ರಶ್ನೆ: ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಮನೆಯ ಸರ್ವರ್‌ನಲ್ಲಿರುವ ಮೊಮ್ಮಗಳ ನಾಮಕರಣದ ವಿಡಿಯೊ ಅವನಿಗೆ ಅಲ್ಲಿಂದ ಕಾಣಬೇಕು. ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದರೂ ಆಗಲಿಲ್ಲ.
(ಗೃಹಿಣಿ, ಮೈಸೂರು)

ಉತ್ತರ: ಆಗದಿದ್ದುದೇ ಒಳ್ಳೆಯದಾಯಿತು, ತೆರೆದದ್ದನ್ನು ದಯವಿಟ್ಟು ಮುಚ್ಚಿ. ರೌಟರ್‌ನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ, ನಿಮ್ಮ ಸೇವಾದಾತರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಅಲ್ಲಿ ಪೋರ್ಟ್ ತೆರೆಯುವುದು ಮನೆಯೊಳಗಿನ ಕೋಣೆಯ ಬಾಗಿಲು ತೆರೆದಿಟ್ಟು ಬೀದಿಯವರು ಬರಲಿ ಎಂದು ಕಾದಂತೆ. ಸಾರ್ವಜನಿಕ ವಿಳಾಸ ಸಿಕ್ಕರೂ ತೆರೆಯಬಾರದು. ಅಂತರಜಾಲಕ್ಕೆ ತೆರೆದುಕೊಂಡಿದ್ದ ಮೈ ಬುಕ್ ಲೈವ್ ಪೆಟ್ಟಿಗೆಗಳ ಡೇಟಾ 2021ರ ಜೂನ್‌ನಲ್ಲಿ ದೂರದಿಂದಲೇ ಅಳಿಸಿಹೋಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶ ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು.

ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲವನ್ನು ಸರ್ವರ್‌ನಲ್ಲೂ ಮಗನ ಮೊಬೈಲಿನಲ್ಲೂ ಹಾಕಿ. ಹಂಚಿಕೆಯ ವಿಳಾಸವಿದ್ದರೂ ಅದು ನಡೆಯುತ್ತದೆ, ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ. ಆಂಡ್ರಾಯ್ಡ್ ಟಿವಿಗೂ ಆಪಲ್ ಟಿವಿಗೂ ಅದರ ಆ್ಯಪ್ ಇದೆ. ಅವನಿಗಾಗಿ ಜೆಲ್ಲಿಫಿನ್‌ನಲ್ಲಿ ಅಳಿಸುವ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ ತೆರೆದು, ದೂರದ ವೀಕ್ಷಣೆಯ ವೇಗಮಿತಿಯನ್ನು 5 ಮೆಗಾಬಿಟ್‌ನ ಆಸುಪಾಸಿಗೆ ಇಟ್ಟರೆ ವಿಡಿಯೊ ತಡೆಯಿಲ್ಲದೆ ಓಡುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡರೆ ಹಣ ಉಳಿಯುವುದಿಲ್ಲವೇ?
(ವಿದ್ಯಾರ್ಥಿ, ತುಮಕೂರು)

ಉತ್ತರ: ಕಲಿಯಲು ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ, ಆದರೆ ಹಗಲೂ ರಾತ್ರಿ ಓಡಿಸುವ ಮೊದಲು ಮೀಟರ್ ಲೆಕ್ಕ ಹಾಕಿ. 60 ವಾಟ್ ಎಳೆಯುವ ಡೆಸ್ಕ್‌ಟಾಪ್ ಮೂವತ್ತು ದಿನಕ್ಕೆ 43 ಯೂನಿಟ್ ತಿನ್ನುತ್ತದೆ. 20 ವಾಟ್‌ನಲ್ಲಿ ಮುಗಿಸುವ ಚಿಕ್ಕ ಯಂತ್ರಕ್ಕೆ 14 ಯೂನಿಟ್ ಚಿಲ್ಲರೆ ಸಾಕು. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದು ಬಳಕೆ ಈಗಾಗಲೇ 170 ಯೂನಿಟ್‌ನ ಹತ್ತಿರವಿದ್ದರೆ, ಡೆಸ್ಕ್‌ಟಾಪಿನ 43 ಯೂನಿಟ್ 200ರ ಗೆರೆಯನ್ನು ದಾಟಿಸಿ ಆ ತಿಂಗಳ ಪೂರ್ಣ ಬಿಲ್ಲನ್ನು ನಿಮ್ಮ ತಂದೆಯವರ ಕೈಗೆ ಕೊಡುತ್ತದೆ.